ಜಾಲತಾಣದ ಕಡತಗಳನ್ನು ಸರ್ವರಿಗೆ ಸೇರಿಸುವ ಬಗೆ

ತಿರುಪ್ಪೂರಿನ ಉಗ್ರಾಣದಲ್ಲಿ ಹೊಲಿದು ಮಡಿಸಿಟ್ಟ ಬನಿಯನುಗಳು ಎಷ್ಟೇ ಸೊಗಸಾಗಿದ್ದರೂ, ತೂತ್ತುಕ್ಕುಡಿಯ ಬಂದರನ್ನು ಸೇರಿ ಹಡಗನ್ನೇರುವವರೆಗೆ ಪರದೇಶದ ಗ್ರಾಹಕನ ಪಾಲಿಗೆ ಅವು ಇಲ್ಲದಂತೆಯೇ ಸರಿ. ನಮ್ಮ ಮಕ್ಕಳು ಶಾಲೆಯ ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಜಾಲತಾಣದ ಸ್ಥಿತಿಯೂ ಇದೇ. ಅದರ ಕಡತಗಳನ್ನು ಲೋಕವೆಲ್ಲ ನೋಡಬಹುದಾದ ಸ್ಥಳಕ್ಕೆ ಒಯ್ದಿಡುವ ಕಾರ್ಯಕ್ಕೆ ‘ಅಪ್‌ಲೋಡ್’ ಎಂದು ಹೆಸರು. ಅದರ ಕ್ರಮವನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿಯುವಂತೆ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಸರ್ವರ್ ಎಂಬುದು ನಮ್ಮ ಗಣಕಯಂತ್ರದಂತಹದೇ ಒಂದು ಯಂತ್ರ. ಭೇದವಿಷ್ಟೆ: ಅದು ಹಗಲಿರುಳೂ ಎಚ್ಚರವಾಗಿದ್ದು, ಯಾರು ಕೇಳಿದರೂ ಕೇಳಿದ ಪುಟವನ್ನು ಕಳುಹಿಸಿಕೊಡುತ್ತದೆ. ಅದರಲ್ಲಿ ಸ್ವಲ್ಪ ಸ್ಥಳವನ್ನು ಬಾಡಿಗೆಗೆ ಪಡೆಯುವುದುಂಟು. ಆ ಸ್ಥಳವನ್ನು ಜನರು ಹುಡುಕಿಕೊಂಡು ಬರುವ ಹೆಸರೇ ಡೊಮೇನ್. ಮನೆಯೂ ಅದರ ವಿಳಾಸವೂ ಬೇರೆಯಾಗಿರುವಂತೆ ಇವೆರಡೂ ಬೇರೆ ಬೇರೆ. ಎರಡಕ್ಕೂ ಕಾಲಕಾಲಕ್ಕೆ ಹಣ ತೆರಬೇಕು.

ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟದ್ದು 1989ರಲ್ಲಿ. ಆದರೆ ಯಂತ್ರದಿಂದ ಯಂತ್ರಕ್ಕೆ ಕಡತಗಳನ್ನು ಕಳುಹಿಸುವ ನಿಯಮಾವಳಿ ಅದಕ್ಕಿಂತಲೂ ಹಳೆಯದು. ಎಫ್‌ಟಿಪಿ ಎಂಬ ಆ ನಿಯಮಾವಳಿಯ ಮೊದಲ ರೂಪವನ್ನು 1971ರಲ್ಲಿ ಬರೆದವರು ಭಾರತೀಯರಾದ ಅಭಯ್ ಭೂಷಣ್. ಅವರು 1965ರಲ್ಲಿ ಕಾನ್ಪುರದ ಐಐಟಿಯಿಂದ ಹೊರಬಂದ ಮೊದಲ ತಂಡದ ಪದವೀಧರರು. ಹಳೆಯ ಎಫ್‌ಟಿಪಿಯಲ್ಲಿ ಗುಪ್ತಪದವು ಅಂಚೆಕಾರ್ಡಿನ ಬರಹದಂತೆ ತೆರೆದೇ ಸಾಗುತ್ತದೆ. ಆದಕಾರಣ ಇಂದು ಮುಚ್ಚಿದ ಲಕೋಟೆಯಂತಿರುವ ಎಸ್‌ಎಫ್‌ಟಿಪಿಯನ್ನೇ ಬಳಸತಕ್ಕದ್ದು.

ಸರಕು ಕಳುಹಿಸುವ ಮುನ್ನ ಪೆಟ್ಟಿಗೆ ಕಟ್ಟಿ ಚೀಟಿ ಅಂಟಿಸುವಂತೆ, ಇಲ್ಲಿಯೂ ಪೂರ್ವಸಿದ್ಧತೆ ಅವಶ್ಯಕ. ಪುಟಗಳನ್ನೂ ಚಿತ್ರಗಳನ್ನೂ ಒಂದೇ ಫೋಲ್ಡರಿನೊಳಗೆ ಇಡಿರಿ. ಮುಖಪುಟಕ್ಕೆ ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಎಂಬ ಹೆಸರಿರಲಿ. ತಾಣದ ವಿಳಾಸವನ್ನಷ್ಟೇ ಕೊಟ್ಟವರಿಗೆ ಸರ್ವರ್ ಸಾಮಾನ್ಯವಾಗಿ ಆ ಹೆಸರಿನ ಪುಟವನ್ನೇ ತೋರಿಸುತ್ತದೆ. ಕಡತಗಳ ಹೆಸರುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ತೆರಪಿಲ್ಲದೆ ಬರೆಯಿರಿ. ನಮ್ಮ ವಿಂಡೋಸ್ ಯಂತ್ರಕ್ಕೆ ದೊಡ್ಡಕ್ಷರವೂ ಸಣ್ಣಕ್ಷರವೂ ಒಂದೇ ಆದರೂ, ಹೆಚ್ಚಿನ ಸರ್ವರುಗಳಲ್ಲಿರುವ ಲಿನಕ್ಸಿಗೆ ಅವು ಬೇರೆ ಬೇರೆ. ಮೊಬೈಲಿನಲ್ಲಿ ತೆಗೆದ ಭಾರವಾದ ಚಿತ್ರಗಳನ್ನು ಕಿರಿದಾಗಿಸಿಕೊಳ್ಳುವುದೂ ಒಳ್ಳೆಯದು.

ಕನ್ನಡದ ಪುಟಗಳಿಗೆ ಇನ್ನೊಂದು ಎಚ್ಚರಿಕೆ ಉಂಟು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಬರಹವು, ಆ ಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಆದುದರಿಂದ ಬರಹವನ್ನು ಯುನಿಕೋಡಿಗೆ ಪರಿವರ್ತಿಸಿ, ಕಡತವನ್ನು ಯುಟಿಎಫ್-8 ಕ್ರಮದಲ್ಲಿ ಉಳಿಸಿ, ಪುಟದ ಆರಂಭದಲ್ಲಿಯೇ ಆ ಕ್ರಮವನ್ನು ಸೂಚಿಸಬೇಕು.

ಇನ್ನು ಕಳುಹಿಸುವ ಕಾರ್ಯ. ಬಾಡಿಗೆಗೆ ಕೊಟ್ಟವರು ನಾಲ್ಕು ವಿವರಗಳನ್ನು ತಿಳಿಸಿರುತ್ತಾರೆ: ಸರ್ವರಿನ ವಿಳಾಸ, ಬಳಕೆದಾರನ ಹೆಸರು, ಗುಪ್ತಪದ ಮತ್ತು ಪೋರ್ಟ್ ಸಂಖ್ಯೆ. ಎಸ್‌ಎಫ್‌ಟಿಪಿಗೆ ಸಾಮಾನ್ಯವಾಗಿ ಈ ಸಂಖ್ಯೆ 22. ಫೈಲ್‌ಜಿಲ್ಲಾ ಎಂಬ ಉಚಿತ ತಂತ್ರಾಂಶವನ್ನು ತೆರೆದು ಇವನ್ನು ತುಂಬಿದರೆ, ಎಡಗಡೆ ನಮ್ಮ ಯಂತ್ರದ ಕಡತಗಳೂ ಬಲಗಡೆ ಸರ್ವರಿನ ಕಡತಗಳೂ ಕಾಣುವುವು. ಬಲಗಡೆ ‘ಪಬ್ಲಿಕ್ ಎಚ್‌ಟಿಎಂಎಲ್’ ಎಂಬ ಅಥವಾ ಅವರು ಸೂಚಿಸಿದ ಫೋಲ್ಡರನ್ನು ತೆರೆದು, ಎಡಗಡೆಯ ಕಡತಗಳನ್ನು ಅಲ್ಲಿಗೆ ಎಳೆದು ಬಿಡಬೇಕು. ಎಲ್ಲವೂ ಸೇರಿದ ಬಳಿಕ, ವಿಫಲವಾದ ಕಡತಗಳ ಪಟ್ಟಿ ಬರಿದಾಗಿದೆಯೇ ಎಂದು ನೋಡಬೇಕು.

ಇಷ್ಟಕ್ಕೇ ಕೆಲಸ ಮುಗಿಯಿತೆಂದು ಭಾವಿಸಿ ನಾನು ಒಮ್ಮೆ ಮೋಸಹೋದೆ. ಮೊದಲ ಸಲ ಅಪ್‌ಲೋಡ್ ಮಾಡಿದ ದಿನ ನನ್ನ ಯಂತ್ರದಲ್ಲಿಯೇ ಪುಟಗಳನ್ನು ತೆರೆದು ನೋಡಿ, ಎಲ್ಲವೂ ಸರಿಯಾಗಿದೆಯೆಂದು ತೃಪ್ತನಾಗಿದ್ದೆ. ಸಂಜೆ ಮೇಟ್ಟುಪಾಳಯದಿಂದ ಪೋಷಕರೊಬ್ಬರು ಕರೆಮಾಡಿ, “ಸಾರ್, ಹಳೆಯ ಮೇಷ್ಟ್ರುಗಳ ಫೋಟೋಗಳ ಜಾಗದಲ್ಲಿ ಖಾಲಿ ಚೌಕ ಮಾತ್ರ ಇದೆ” ಎಂದರು. ಚಿತ್ರಗಳ ದಾರಿಯನ್ನು ನಾನು ನನ್ನ ಯಂತ್ರದ ‘ಡಿ’ ವಿಭಾಗಕ್ಕೆ ತೋರಿಸಿದ್ದೆ. ನಾನು ತೆರೆದು ನೋಡಿದ್ದೂ ನನ್ನಲ್ಲಿದ್ದ ಮೂಲ ಪ್ರತಿಯನ್ನೇ. ಅವರ ಮೊಬೈಲಿಗೆ ನನ್ನ ‘ಡಿ’ ವಿಭಾಗ ಎಲ್ಲಿಂದ ಬರಬೇಕು? ಅಂದಿನಿಂದ, ಬೇರೊಬ್ಬರ ಯಂತ್ರದಲ್ಲಿ ತಾಣದ ವಿಳಾಸವನ್ನು ಕೊಟ್ಟು ನೋಡುವವರೆಗೆ ಕೆಲಸ ಮುಗಿಯಿತೆಂದು ನಾನು ಹೇಳುವುದಿಲ್ಲ. 404 ಎಂಬ ಸಂಖ್ಯೆ ಕಂಡರೆ ಕೇಳಿದ ಹೆಸರಿನ ಕಡತ ಅಲ್ಲಿಲ್ಲವೆಂದೂ, 403 ಕಂಡರೆ ನೋಡಲು ಅನುಮತಿ ಇಲ್ಲವೆಂದೂ ತಿಳಿಯಬೇಕು.

ಪೋಷಕರಿಗೆ ಒಂದು ಮಾತು. ಸರ್ವರಿನಲ್ಲಿರುವುದು ಪ್ರತಿ ಮಾತ್ರ; ಮೂಲವು ಸಂಘದಲ್ಲಿಯೇ ಇರಬೇಕು. ಜಿಯೋಸಿಟೀಸ್ ಎಂಬ ಪ್ರಸಿದ್ಧ ಉಚಿತ ತಾಣಸಮೂಹವನ್ನು ಅಮೆರಿಕದಲ್ಲಿ 2009ರಲ್ಲಿ ಮುಚ್ಚಿದಾಗ, ಪ್ರತಿ ಇಟ್ಟುಕೊಳ್ಳದ ಎಷ್ಟೋ ಜನರ ಪುಟಗಳು ಅಳಿದುಹೋದುವು. ಗುಪ್ತಪದವು ಒಬ್ಬರ ನೆನಪಿನಲ್ಲಿ ಮಾತ್ರ ಇರದೆ, ಮುಚ್ಚಿದ ಲಕೋಟೆಯಲ್ಲಿ ಸಂಘದ ಬೀರುವಿನಲ್ಲಿರಲಿ. ಬಾಡಿಗೆ ತೆರುವ ದಿನಾಂಕವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ.

ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಕನ್ನಡವನ್ನು ಮನೆಯಲ್ಲಿ ಆಡುತ್ತಲೇ, ಅದರ ಅಕ್ಷರಗಳನ್ನು ಓದಲಾರದ ಕುಟುಂಬಗಳು ಬಹಳವಿವೆ. ನೇಕಾರರಾದ ನಮ್ಮ ದೇವಾಂಗ ಬಂಧುಗಳಲ್ಲಿಯೂ ಇಂತಹವರು ಅನೇಕರಿದ್ದಾರೆ. ಅಂತಹ ಮನೆಯ ಮಗುವೊಂದು ಎಂದಾದರೂ ನಮ್ಮ ತಾಣವನ್ನು ತೆರೆದರೆ, ಕಾಣಿಸುವುದು ಖಾಲಿ ಚೌಕವಾಗಿರಬಾರದು, ಕನ್ನಡದ ಅಕ್ಷರವಾಗಿರಬೇಕು. ಅದಕ್ಕಾಗಿಯೇ ಈ ಸಣ್ಣ ಸಣ್ಣ ಎಚ್ಚರಿಕೆಗಳೆಲ್ಲ.