ಎರಡು ಹೆಸರಿನ ಒಂದು ಕಾರು

ನೆಲ್ಯಹುದಿಕೇರಿಯ ಕಡೆಯಿಂದ ಕಾವೇರಿಯ ಸೇತುವೆಯನ್ನು ದಾಟಿ ಸಿದ್ದಾಪುರದ ಪೇಟೆಯನ್ನು ಹೊಕ್ಕವರಿಗೆ, ತೋಟದ ಜೀಪುಗಳ ಸಾಲಿನ ನಡುವೆ ಮಾರುತಿಯ ಬಲೆನೊ ಒಂದೂ ಟೊಯೋಟಾದ ಗ್ಲಾನ್ಜಾ ಒಂದೂ ಅಕ್ಕಪಕ್ಕದಲ್ಲಿ ನಿಂತಿರುವುದು ಕಂಡರೆ ಆಶ್ಚರ್ಯವಿಲ್ಲ. ಹಳೆಯ ಗ್ಲಾನ್ಜಾವಾದರೆ ಬಾಗಿಲು, ಗಾಜು, ದೀಪ, ಬಂಪರು ಎಲ್ಲವೂ ಆ ಕಾಲದ ಬಲೆನೊವಿನವೇ. ಮೂತಿಯ ಜಾಲರಿಯೂ ಲಾಂಛನವೂ ಮಾತ್ರ ಬೇರೆ. ಒಂದೇ ಕಾರ್ಖಾನೆಯಿಂದ ಹೊರಟ ಒಂದೇ ವಾಹನ ಎರಡು ಹೆಸರಿನಲ್ಲಿ ನಮ್ಮ ಮನೆಯಂಗಳಕ್ಕೆ ಬಂದ ಬಗೆ ವಿವರವಾಗಿ ತಿಳಿಯತಕ್ಕದ್ದು. ಏಕೆಂದರೆ ಲಕ್ಷಗಟ್ಟಲೆ ಹಣ ತೆರುವವನಿಗೆ ಆ ಹೆಸರಿನೊಡನೆ ಇನ್ನೇನು ದೊರೆಯುತ್ತದೆಂಬುದನ್ನು ಅರಿಯುವ ಅಧಿಕಾರವಿದೆ.

ಪರದೇಶದ ಯಂತ್ರ ನಮ್ಮ ಹೆಸರು ಧರಿಸುವುದು ಹೊಸತಲ್ಲ. ಕೊಡಗಿನ ತೋಟಗಳ ಏರುದಾರಿಗಳನ್ನು ಹತ್ತಿದ ಜೀಪು ಅಮೆರಿಕದ ವಿಲ್ಲಿಸ್ ಸಂಸ್ಥೆಯದು. ಮಹೀಂದ್ರದವರು 1947ರಿಂದ ಅದನ್ನು ಇಲ್ಲಿ ಜೋಡಿಸಿದರು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಆಗಿತ್ತು. ಆದರೆ ಅಲ್ಲಿ ಮೂಲದ ವಾಹನ ಪಕ್ಕದ ಅಂಗಡಿಯಲ್ಲಿ ಬೇರೊಂದು ಹೆಸರಿನಿಂದ ಮಾರಾಟಕ್ಕೆ ನಿಂತಿರಲಿಲ್ಲ. ಅಂಥ ಪ್ರಯತ್ನ 2012ರಲ್ಲಿ ನಡೆಯಿತು: ನಿಸ್ಸಾನ್ ಮೈಕ್ರಾ ರೆನೋ ಪಲ್ಸ್ ಆಗಿ ಬಂದು, ಹೆಚ್ಚು ಕಾಲ ಬಾಳದೆ ಹೋಯಿತು.

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 1999ರ ಡಿಸೆಂಬರಿನಲ್ಲಿ ಹೊರಬಂದ ಕ್ವಾಲಿಸ್, ಅದರ ತರುವಾಯ 2005ರಲ್ಲಿ ಬಂದ ಇನ್ನೋವಾ, ಮದುವೆಯ ದಿಬ್ಬಣವನ್ನೂ ರೋಗಿಗಳನ್ನೂ ಹೊತ್ತು ಘಟ್ಟದ ತಿರುವುಗಳಲ್ಲಿ ಹಗಲಿರುಳು ದುಡಿದು ಸಂಪಾದಿಸಿದ ವಿಶ್ವಾಸ ಆ ಸಂಸ್ಥೆಯ ನಿಜವಾದ ಬಂಡವಾಳವಾಗಿತ್ತು. ಸಣ್ಣ ಕಾರಿನಲ್ಲಿ ಮಾತ್ರ ಅದಕ್ಕೆ ಅಂಥ ಯಶಸ್ಸು ಒದಗಲಿಲ್ಲ. ಭಾರತಕ್ಕೆಂದೇ ರೂಪಿಸಿದ ಎಟಿಯೋಸ್ ಲಿವಾ 2020ರಲ್ಲಿ ನಿಂತುಹೋಯಿತು. ನಾಲ್ಕು ಮೀಟರಿಗೆ ಮೀರದ ಉದ್ದ, 1,200 ಸಿಸಿಗೆ ಮೀರದ ಪೆಟ್ರೋಲ್ ಇಂಜಿನ್ ಇದ್ದರೆ ತೆರಿಗೆ ಕಡಿಮೆಯೆಂದು 2006ರ ಮುಂಗಡಪತ್ರ ಹಾಕಿದ ಗೆರೆಯೊಳಗೆ ಅಗ್ಗವಾಗಿ ಕಾರು ಕಟ್ಟುವ ವಿದ್ಯೆ ಮಾರುತಿಯ ಮಾತೃಸಂಸ್ಥೆಯಾದ ಸುಜುಕಿಯದು. ಹೈಬ್ರಿಡ್ ತಂತ್ರಜ್ಞಾನ ಟೊಯೋಟಾದ್ದು. ಈ ಪರಸ್ಪರ ಕೊರತೆಯೇ, ಒಬ್ಬರ ಕಾರನ್ನು ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಮಾರುವ 2018ರ ಮಾರ್ಚಿನ ಒಪ್ಪಂದಕ್ಕೆ ಹೇತುವಾಯಿತು.

ಗುಜರಾತಿನ ಹಂಸಲ್‌ಪುರದಲ್ಲಿ ಸುಜುಕಿಯವರು ತಯಾರಿಸುತ್ತಿದ್ದ ಬಲೆನೊ 2019ರ ಜೂನ್ 6ರಂದು ಗ್ಲಾನ್ಜಾ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ಷೋರೂಮಿನ ಬೆಲೆ 7.22 ಲಕ್ಷ ರೂಪಾಯಿಯಿಂದ ಆರಂಭ. ಅದೇ ವರ್ಷದ ಆಗಸ್ಟಿನಲ್ಲಿ ಟೊಯೋಟಾ ಸುಜುಕಿಯ ಶೇಕಡ 4.94ರಷ್ಟು ಷೇರುಗಳನ್ನು ಕೊಳ್ಳುವುದಾಗಿ ಪ್ರಕಟಿಸಿತು.

ಅಂದು ಬಲೆನೊವಿಗೆ ಇದ್ದ ವಾರಂಟಿ 2 ವರ್ಷ ಅಥವಾ 40,000 ಕಿ.ಮೀ.; ಗ್ಲಾನ್ಜಾಕ್ಕೆ 3 ವರ್ಷ ಅಥವಾ 1 ಲಕ್ಷ ಕಿ.ಮೀ. ನನ್ನ ದೃಷ್ಟಿಯಲ್ಲಿ ಇಡೀ ವೃತ್ತಾಂತದ ಸಾರ ಇಲ್ಲಿಯೇ ಇದೆ. ಅದೇ ಲೋಹ, ಅದೇ ಇಂಜಿನ್, ಆದರೆ ಅದರ ಹೊಣೆಯನ್ನು ಹೊರುವ ಕಾಲಾವಧಿ ದೀರ್ಘ. ಮಳೆಗಾಲದಲ್ಲಿ ಚೆಟ್ಟಳ್ಳಿಯ ದಾರಿಯಾಗಿ ಮಡಿಕೇರಿಗೂ, ಅಮ್ಮತ್ತಿಯ ದಾರಿಯಾಗಿ ವಿರಾಜಪೇಟೆಗೂ ಓಡಾಡಬೇಕಾದ, ಸಂಜೆಯಾದ ಮೇಲೆ ಆನೆ ರಸ್ತೆಗಿಳಿಯುವ ಭಯವಿರುವ ಈ ಸೀಮೆಯಲ್ಲಿ, ನಡುದಾರಿಯಲ್ಲಿ ಕೈಕೊಡದ ಕಾರು ಎಂಬ ಭರವಸೆಗೆ ಬೆಲೆ ತೆರುವುದು ವಿವೇಕವೇ ಹೊರತು ಲಾಂಛನದ ಮೋಹವಲ್ಲ.

ಮುಂದೆ ಎರಡು ವಾಹನಗಳ ಮುಖ ಸ್ವಲ್ಪ ಬೇರೆಯಾಯಿತು. 2022ರ ಮಾರ್ಚಿನ ಗ್ಲಾನ್ಜಾಕ್ಕೆ ಅದರದೇ ಬಂಪರು, ಕಪ್ಪು ಮತ್ತು ತಿಳಿಗಂದು ಬಣ್ಣದ ಒಳಾಂಗಣ ಬಂದುವು. ಬಲೆನೊವಿನದು ಕಪ್ಪು ಮತ್ತು ನೀಲಿ. ವಿನಿಮಯ ಎದುರು ದಿಕ್ಕಿನಲ್ಲಿಯೂ ಸಾಗಿತು: ಅದೇ ವರ್ಷದ ಗ್ರಾಂಡ್ ವಿಟಾರಾ, 2023ರ ಇನ್ವಿಕ್ಟೊ, ಮಾರುತಿಯ ಹೆಸರು ಹೊತ್ತು ನಮ್ಮ ಬಿಡದಿಯಿಂದಲೇ ಹೊರಟವು. ಗುಜರಾತಿನ ಕಾರಿಗೆ ಬಿಡದಿಯ ಸಂಸ್ಥೆಯ ಹೆಸರು, ಬಿಡದಿಯ ಕಾರಿಗೆ ಮಾರುತಿಯ ಹೆಸರು!

2024ರ ಜುಲೈಯಿಂದ ಮಾರುತಿಯೂ ತನ್ನ ವಾರಂಟಿಯನ್ನು 3 ವರ್ಷ, 1 ಲಕ್ಷ ಕಿ.ಮೀ.ಗೆ ಏರಿಸಿದುದರಿಂದ ಹಳೆಯ ಅಂತರ ಅಳಿಸಿಹೋಗಿದೆ. ಇಂದು ಸಿದ್ದಾಪುರದಲ್ಲಿ ಕಾರು ಕೊಳ್ಳಹೊರಟವರು ಕೇಳಬೇಕಾದುದು, ಸರ್ವೀಸಿಗೆ ಎಲ್ಲಿಯವರೆಗೆ ಹೋಗಬೇಕು, ಬಿಡಿಭಾಗ ಎಷ್ಟು ದಿನದಲ್ಲಿ ಕೈಸೇರುತ್ತದೆ, ವಿಸ್ತರಿಸಿದ ವಾರಂಟಿಗೆ ಎಷ್ಟು ತೆರಬೇಕು ಎಂಬುದನ್ನು; ಎರಡೂ ಷೋರೂಮುಗಳಲ್ಲಿ ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಂಡ ತರುವಾಯವೇ ಮುಂಗಡ ಕಟ್ಟುವುದು ಲೇಸು.