ಆಟದ ಅಂಗಳದಲ್ಲಿ ನೆಲಬಾಂಬ್

ಬಿಡುವಿನ ವೇಳೆಯಲ್ಲಿ ‘ಮೈನ್‌ಸ್ವೀಪರ್’ ಆಡದ ಕಂಪ್ಯೂಟರ್ ನೌಕರರು ಒಂದು ಕಾಲದಲ್ಲಿ ಅಪರೂಪ. 1992ರಲ್ಲಿ ವಿಂಡೋಸ್ 3.1ರ ಜೊತೆ ಬಂದ ಈ ಆಟದ ಕಠಿಣ ಹಂತದಲ್ಲಿ 99 ನೆಲಬಾಂಬ್‌ಗಳು ಅಡಗಿರುತ್ತವೆ. ತಪ್ಪು ಚೌಕ ಒತ್ತಿದರೆ ಮೇಲಿನ ನಗುಮುಖ ಸಪ್ಪಗಾಗುತ್ತದೆ. ಅದನ್ನೇ ಒತ್ತಿದರೆ ಹೊಸ ಆಟ. ಕಾಂಬೋಡಿಯಾದ ಬತ್ತಂಬಾಂಗ್ ಪ್ರಾಂತ್ಯದ ಗದ್ದೆಗಳಲ್ಲಿ ಈ ‘ಹೊಸ ಆಟ’ ಇಲ್ಲ.

ಇದು ಮನರಂಜನೆಯ ವಸ್ತುವೇ ಎಂಬ ಆಕ್ಷೇಪ ಇಟಲಿಯಲ್ಲಿ ಹುಟ್ಟಿತು. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಲ್ಲಿ ಬಾಂಬಿನ ಬದಲು ಹೂವನ್ನು ಆರಿಸಿಕೊಳ್ಳುವ ಅವಕಾಶವಿತ್ತು. ಹೂವು ಬಂದರೆ ನೋವು ತಪ್ಪಬಹುದು, ಅರಿವು ಬರುವುದಿಲ್ಲ.

ಅರಿವು ಮೂಡಿಸಲು ಹೊರಟವರೂ ಎಡವಿದ್ದುಂಟು. 1996ರಲ್ಲಿ ಯೂನಿಸೆಫ್ ಮತ್ತು ಅಮೆರಿಕದ ರಕ್ಷಣಾ ಇಲಾಖೆ ಸೇರಿ ಬೋಸ್ನಿಯಾದ ಮಕ್ಕಳಿಗಾಗಿ ಸೂಪರ್‌ಮ್ಯಾನ್ ಚಿತ್ರಕಥೆಯೊಂದನ್ನು ಹಂಚಿದವು. ಮಕ್ಕಳು ಬಾಂಬಿನ ಮೇಲೆ ಕಾಲಿಡುವ ಮೊದಲೇ ಸೂಪರ್‌ಮ್ಯಾನ್ ಹಾರಿ ಬರುತ್ತಾನೆ. ಹಾಗಾದರೆ ನಮ್ಮನ್ನೂ ಅವನೇ ಕಾಪಾಡುತ್ತಾನೆ ಎಂದು ಮಗು ನಂಬಿದರೆ? ಟೀಕೆ ಬಂದದ್ದು ಇಲ್ಲೇ.

2010ರ ಆಸುಪಾಸಿನಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡವೊಂದು ಕಾಂಬೋಡಿಯಾದ ಮಕ್ಕಳಿಗಾಗಿ ‘ಅಂಡರ್‌ಕವರ್ ಯುಎಕ್ಸ್‌ಓ’ ಎಂಬ ಆಟ ರೂಪಿಸಿತು. ಅಪಾಯದ ಸುಳಿವು ಗುರುತಿಸುವುದನ್ನು ಕಲಿಸುವುದು ಅದರ ಗುರಿ. ಆದರೆ ಅಲ್ಲಿನ ಎಷ್ಟೋ ಜನ ಅಪಾಯ ಗೊತ್ತಿದ್ದೇ ಕಾಡಿಗೆ ಹೋಗುತ್ತಾರೆ. ಸೌದೆ ಬೇಕು, ಗುಜರಿಗೆ ಮಾರಲು ಕಬ್ಬಿಣದ ಚೂರು ಬೇಕು. ಒಬ್ಬನೇ ಆಡುವ ಆಟ ಈ ಒತ್ತಡವನ್ನು ತೋರಿಸಲಾರದು. ಹಲವರು ಕೂಡಿ ಆಡುವ ಆಟದ ಅಗತ್ಯ ಕಾಣುವುದು ಇಲ್ಲಿಯೇ.

ಬಾಂಬ್ ತೆಗೆಯುವ ಕೆಲಸದ ರೀತಿಯನ್ನೇ ನೋಡಿ. ಕೆಲಸ ಆರಂಭವಾಗುವುದು ಲೋಹಶೋಧಕದಿಂದಲ್ಲ, ಮಾತಿನಿಂದ. ದನ ಎಲ್ಲಿ ಸತ್ತಿತು, ಸೈನಿಕರು ಎಲ್ಲಿ ಬೀಡುಬಿಟ್ಟಿದ್ದರು ಎಂದು ಹಳ್ಳಿಗರನ್ನು ಕೇಳಿ ನಕ್ಷೆ ಬರೆಯುತ್ತಾರೆ. ಬಾಂಬ್ ಹುಗಿದವನೇ ಊರಲ್ಲಿ ಬದುಕಿರುವುದೂ ಉಂಟು. ಆಮೇಲೆ ಕಿರಿದಾದ ಓಣಿ ಗುರುತಿಸಿ, ಒಂದು ಓಣಿಗೆ ಒಬ್ಬನಂತೆ ಮಂಡಿಯೂರಿ ಮುಂದುವರಿಯುತ್ತಾರೆ. ಉಪಕರಣ ಕೂಗಿದ್ದು ಮೊಳೆಗೋ ಡಬ್ಬಿಯ ಮುಚ್ಚಳಕ್ಕೋ ಇರಬಹುದು. ಆದರೂ ಪ್ರತಿ ಸದ್ದನ್ನೂ ಬಾಂಬೆಂದೇ ಎಣಿಸಿ, ಕಡ್ಡಿಯನ್ನು ಓರೆಯಾಗಿ ತೂರಿಸಿ ನೋಡಬೇಕು, ಏಕೆಂದರೆ ಮೇಲಿನಿಂದ ಒತ್ತಿದರೆ ಸಿಡಿಯುತ್ತದೆ. ಒಬ್ಬನಿಗೆ ಅವಘಡವಾದರೆ ಇನ್ನೊಬ್ಬನಿಗೆ ತಗಲದಿರಲೆಂದು ಅಂತರ ಕಾಯ್ದುಕೊಳ್ಳುತ್ತಾರೆ. ಒಟ್ಟಿಗೆ ದುಡಿಯುವುದೆಂದರೆ ಇಲ್ಲಿ ದೂರ ದೂರ ಇರುವುದು!

ಇದನ್ನು ಆಟಕ್ಕೆ ಇಳಿಸುವವರು ಪೂರ್ತಿ ನಕ್ಷೆಯನ್ನು ಯಾರೊಬ್ಬರಿಗೂ ಕೊಡಬಾರದು. ಅಜ್ಜಿಗೆ ಒಂದು ಮೂಲೆಯ ನೆನಪು, ದನಗಾಹಿ ಹುಡುಗನಿಗೆ ಇನ್ನೊಂದು. ರೈತನ ಕಣಜ ಸುತ್ತು ಸುತ್ತಿಗೂ ಬರಿದಾಗುತ್ತಿರಬೇಕು. ಬಾಂಬ್ ತೆಗೆಯುವವನು ಮಾತ್ರ ಅವಸರ ಮಾಡುವಂತಿಲ್ಲ. ‘ಇನ್ನೂ ಎಷ್ಟು ದಿನ?’ ಎಂದು ರೈತನ ಪಾತ್ರದವನು ಕೇಳಿದಾಗ ಆಟಕ್ಕೆ ಜೀವ ಬರುತ್ತದೆ.

ಕಾಲಿಟ್ಟವನಿಗೆ ಏನಾಗಬೇಕೆಂಬುದೇ ದೊಡ್ಡ ತೊಡಕು. ಕೂಡಲೇ ಹೊರಹಾಕಿದರೆ ಅದು ಮೈನ್‌ಸ್ವೀಪರ್‌ಗಿಂತ ಬೇರೆಯಲ್ಲ. ಅವನು ಕಾಲು ಕಳೆದುಕೊಂಡು ಆಟದಲ್ಲೇ ಉಳಿದು, ಅವನ ಪಾಲಿನ ನೀರು, ಸೌದೆಯನ್ನು ಉಳಿದವರು ಹೊರುವಂತಾದರೆ ನಿಜಕ್ಕೆ ಹತ್ತಿರ. ಆಸ್ಪತ್ರೆ ಗಾವುದ ದೂರವಿರುವ ಊರಿನಲ್ಲಿ ನಡೆಯುವುದೂ ಅದೇ. ಆದರೆ ಅಂಗವಿಕಲನೆಂದರೆ ಹೊರೆ ಎಂಬ ಭಾವನೆ ಬೆಳೆಯದಂತೆ ಅವನಿಗೊಂದು ಕೆಲಸ, ಕಡೇಪಕ್ಷ ನಕ್ಷೆ ಬರೆಯುವ ಕೆಲಸವಾದರೂ ಇರಬೇಕು.

ಇಂಥ ಆಟಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಭಾರತದಿಂದಲೇ ಹೋದ ಹಾವು-ಏಣಿ ಆಟವನ್ನು ನೆಲಬಾಂಬ್ ತಿಳಿವಳಿಕೆಗೆ ಒಗ್ಗಿಸಿಕೊಂಡಿದ್ದಾರೆ. ವಿದ್ಯುತ್ತಿಲ್ಲದ ಹಳ್ಳಿಯಲ್ಲಿ ಬಣ್ಣ ಬಳಿದ ಕಲ್ಲುಗಳೇ ಕಾಯಿಗಳಾಗಬಹುದು. ಅಫ್ಘಾನಿಸ್ತಾನದ ಮಕ್ಕಳಿಗೆ ಆ ಬಣ್ಣಗಳು ಹೊಸವಲ್ಲ: ಕೆಂಪು ಕಲ್ಲು ಬಾಂಬಿರುವ ಕಡೆಗೆ, ಬಿಳಿ ಕಲ್ಲು ತೆಗೆದಾದ ಕಡೆಗೆ.