ಉಪ್ಪುನೀರಿನ ಅಕ್ವೇರಿಯಮ್ಮಿನಲ್ಲಿ ಡೈನೋಫ್ಲಾಜೆಲ್ಲೇಟ್‌ಗಳ ಹಾವಳಿ

ಕುಮಟಾ ತಾಲ್ಲೂಕಿನ ಮಿರ್ಜಾನಕ್ಕೆ ಹೋದವರು ಕೋಟೆ ನೋಡಿ ಹಿಂದಿರುಗುತ್ತಾರೆ. ನೀವು ಹೋದಾಗ ಸಮೀಪದ ಅಘನಾಶಿನಿ ಹೊಳೆಯನ್ನೂ ನೋಡಿ ಬನ್ನಿ. ಸಮುದ್ರದ ಉಬ್ಬರ ದಿನಕ್ಕೆ ಎರಡು ಬಾರಿ ಉಪ್ಪುನೀರನ್ನು ಹೊಳೆಯೊಳಕ್ಕೆ ತಳ್ಳುತ್ತದೆ. ಇಳಿತ ಅದನ್ನು ಹೊರಗೆಳೆಯುತ್ತದೆ. ಇಳಿತದ ಹೊತ್ತಿಗೆ ಅಳಿವೆಯಲ್ಲಿ ಜನ ನೀರಿಗಿಳಿದು ಬಳಚು, ಅಂದರೆ ಚಿಪ್ಪಿಕಲ್ಲು, ಆರಿಸುತ್ತಾರೆ. ಬಳಚು ನೀರನ್ನು ಸೋಸಿ ತಿನ್ನುವ ಸೂಕ್ಷ್ಮಜೀವಿಗಳಲ್ಲಿ ಡೈನೋಫ್ಲಾಜೆಲ್ಲೇಟ್‌ಗಳೂ ಸೇರಿವೆ. ಹೊಳೆಯಲ್ಲಿ ಇವು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಇದೇ ಗುಂಪಿನ ಕೆಲವು ಜೀವಿಗಳು ಉಪ್ಪುನೀರಿನ ಅಕ್ವೇರಿಯಮ್ಮಿಗೆ ಸೇರಿಕೊಂಡರೆ ಕೆಲವೇ ದಿನಗಳಲ್ಲಿ ಮರಳು, ಕಲ್ಲು, ಗಾಜು ಎಲ್ಲವನ್ನೂ ಕಂದು ಲೋಳೆಯಿಂದ ಮುಚ್ಚಿಬಿಡುತ್ತವೆ. ಈ ವ್ಯತ್ಯಾಸಕ್ಕೆ ಕಾರಣವೇನು? ಕಾರಣ ತಿಳಿದರೆ ಪರಿಹಾರವೂ ತಿಳಿಯುತ್ತದೆ.

ಏನಿವು?

ಡೈನೋಫ್ಲಾಜೆಲ್ಲೇಟ್‌ಗಳು ಏಕಕೋಶ ಜೀವಿಗಳು. ಹೆಸರಿನ ಮೊದಲ ಭಾಗಕ್ಕೂ ಡೈನೋಸಾರ್‌ಗೂ ಸಂಬಂಧವಿಲ್ಲ. ಗ್ರೀಕ್ ಭಾಷೆಯಲ್ಲಿ ‘ಡೈನೋಸ್’ ಎಂದರೆ ಸುಳಿ, ಸುತ್ತುವಿಕೆ. ‘ಫ್ಲಾಜೆಲ್ಲಮ್’ ಎಂದರೆ ಚಾಟಿಯಂಥ ಕಶಾಂಗ. ಇವುಗಳಿಗೆ ಎರಡು ಕಶಾಂಗಗಳಿವೆ. ಹೆಚ್ಚಿನವುಗಳಲ್ಲಿ ಒಂದು ಕಶಾಂಗ ಸೊಂಟದ ಸುತ್ತ ಇರುವ ತೋಡಿನಲ್ಲಿ ಅಲುಗಿದರೆ ಇನ್ನೊಂದು ಹಿಂದಕ್ಕೆ ಚಾಚಿರುತ್ತದೆ. ಹೀಗಾಗಿ ಜೀವಿ ಬುಗುರಿಯಂತೆ ತಿರುಗುತ್ತ ಮುಂದೆ ಸಾಗುತ್ತದೆ.

ಇವೆಲ್ಲ ಹಾನಿಕರವೆಂದು ತಿಳಿಯಬೇಡಿ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದ ಎದುರು ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಇಂಥ ಹವಳದ ಒಡಲೊಳಗೆ ವಾಸಿಸಿ, ದ್ಯುತಿಸಂಶ್ಲೇಷಣೆಯಿಂದ ಅದಕ್ಕೆ ಆಹಾರ ಒದಗಿಸುವುದೂ ಒಂದು ಬಗೆಯ ಡೈನೋಫ್ಲಾಜೆಲ್ಲೇಟೇ.

ಗುರುತಿಸುವುದು ಹೇಗೆ?

ಕಂದು ಪದರವೆಲ್ಲ ಡೈನೋಫ್ಲಾಜೆಲ್ಲೇಟ್ ಅಲ್ಲ. ಡಯಾಟಮ್‌ಗಳೂ ಹೀಗೆಯೇ ಕಾಣುತ್ತವೆ. ಡೈನೋಫ್ಲಾಜೆಲ್ಲೇಟ್‌ಗಳ ಲೋಳೆ ದಾರದಂತೆ ಎಳೆಯಾಗಿರುತ್ತದೆ. ಬೆಳಕಿನಲ್ಲಿ ಹೊರಬಂದ ಆಕ್ಸಿಜನ್ ಗುಳ್ಳೆಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಮಧ್ಯಾಹ್ನ ದಟ್ಟವಾಗಿದ್ದ ಲೋಳೆ ರಾತ್ರಿ ತೆಳುವಾಗುವುದುಂಟು.

ವಿದ್ಯಾರ್ಥಿಗಳಿಂದ ಈ ಪ್ರಯೋಗ ಮಾಡಿಸಬಹುದು. ಸ್ವಲ್ಪ ಲೋಳೆಯನ್ನು ತೊಟ್ಟಿಯ ನೀರಿನೊಂದಿಗೆ ಸೀಸೆಗೆ ಹಾಕಿ ಚೆನ್ನಾಗಿ ಕುಲುಕಿ. ಕಾಗದದ ಕರವಸ್ತ್ರದಲ್ಲಿ ಸೋಸಿ, ತಿಳಿನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ಮತ್ತೆ ಎಳೆಎಳೆಯಾಗಿ ಲೋಳೆ ಕೂಡಿಕೊಂಡರೆ ಅದು ಡೈನೋಫ್ಲಾಜೆಲ್ಲೇಟ್ ಆಗಿರುವ ಸಂಭವ ಹೆಚ್ಚು. 400 ಪಟ್ಟು ಹಿಗ್ಗಿಸುವ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸಿಕೊಳ್ಳಿ. ಕಣ್ಣೀರ ಹನಿಯ ಆಕಾರದಲ್ಲಿದ್ದು, ಗೂಟಕ್ಕೆ ಕಟ್ಟಿದ ಕರುವಿನಂತೆ ಒಂದೇ ಕಡೆ ಸುತ್ತುವುದು ಆಸ್ಟ್ರಿಯಾಪ್ಸಿಸ್. ಮರಳಿನ ಮೇಲೆಯೇ ಉಳಿದು ಜಾರುತ್ತ ಓಡಾಡುವುದು ಸಾಮಾನ್ಯವಾಗಿ ಆಂಫಿಡಿನಿಯಮ್.

ತಿಳಿನೀರಿನಲ್ಲೇ ಏಕೆ?

ಲೋಳೆ ಕಂಡೊಡನೆ ನೀರು ಕೊಳೆಯಾಗಿದೆ ಎಂದು ಭಾವಿಸುವುದು ಸಹಜ. ನಾನೂ ಹಾಗೆಯೇ ಭಾವಿಸಿದೆ. ದಿನವೂ ಕಲ್ಲು ಉಜ್ಜಿದೆ, ನೀರು ಬದಲಿಸಿದೆ, ಫಾಸ್ಫೇಟ್ ಹೀರುವ ವಸ್ತುವನ್ನು ಇಟ್ಟೆ. ಲೋಳೆ ಹೆಚ್ಚಿತು, ಬಸವನಹುಳುಗಳು ಸತ್ತವು. ಆಮೇಲೆ ಪರೀಕ್ಷಿಸಿದಾಗ ನೀರಿನಲ್ಲಿ ನೈಟ್ರೇಟೂ ಇರಲಿಲ್ಲ, ಫಾಸ್ಫೇಟೂ ಇರಲಿಲ್ಲ.

ಸಣ್ಣ ಲೆಕ್ಕವೊಂದನ್ನು ನೋಡಿ. ಪೋಷಕಾಂಶ ಸಾಕಷ್ಟಿರುವಾಗ ಒಂದು ಡಯಾಟಮ್ ದಿನಕ್ಕೆ ಎರಡು ಸಲ ಇಬ್ಭಾಗವಾಗುತ್ತದೆ ಎಂದಿಟ್ಟುಕೊಳ್ಳಿ. ಹತ್ತು ದಿನಗಳಲ್ಲಿ ಅದು 10,48,576 ಆಗುತ್ತದೆ. ಎರಡು ದಿನಕ್ಕೊಮ್ಮೆ ಇಬ್ಭಾಗವಾಗುವ ಡೈನೋಫ್ಲಾಜೆಲ್ಲೇಟ್ ಅದೇ ಅವಧಿಯಲ್ಲಿ ಕೇವಲ 32 ಆಗುತ್ತದೆ. ಅಂದರೆ ನೇರ ಓಟದಲ್ಲಿ ಇದು ಸೋಲುವ ಜೀವಿ. ಪೋಷಕಾಂಶ ಶೂನ್ಯವಾದಾಗ ಓಟದ ನಿಯಮವೇ ಬದಲಾಗುತ್ತದೆ. ಡಯಾಟಮ್ ಮತ್ತು ಹಸಿರು ಪಾಚಿಗಳು ಹಸಿವಿನಿಂದ ನಿಲ್ಲುತ್ತವೆ. ಈಜಬಲ್ಲ, ಬ್ಯಾಕ್ಟೀರಿಯಾಗಳನ್ನೂ ನುಂಗಬಲ್ಲ, ವಿಷದಿಂದ ಮೇಯುವ ಪ್ರಾಣಿಗಳನ್ನು ದೂರವಿಡಬಲ್ಲ ಡೈನೋಫ್ಲಾಜೆಲ್ಲೇಟ್ ಉಳಿಯುತ್ತದೆ. ಅಘನಾಶಿನಿಯಲ್ಲಿ ಪ್ರತಿ ಉಬ್ಬರವೂ ಹೊಸ ಪೋಷಕಾಂಶ, ಹೊಸ ಪ್ರತಿಸ್ಪರ್ಧಿಗಳನ್ನು ತರುತ್ತದೆ. ಒಣಕಲ್ಲು, ತೊಳೆದ ಮರಳಿನಿಂದ ಹೊಸದಾಗಿ ಕಟ್ಟಿದ ತೊಟ್ಟಿಯಲ್ಲಿ ಪ್ರತಿಸ್ಪರ್ಧಿಗಳೇ ಇಲ್ಲ.

ಪರಿಹಾರ

ಆದ್ದರಿಂದ ಮೊದಲ ಕ್ರಮ ಪ್ರತಿಸ್ಪರ್ಧಿಗಳಿಗೆ ಆಹಾರ ಕೊಡುವುದು. ಫಾಸ್ಫೇಟ್ ಹೀರುವ ವಸ್ತುವನ್ನು ತೆಗೆಯಿರಿ. ಪದೇ ಪದೇ ನೀರು ಬದಲಿಸುವುದನ್ನು ನಿಲ್ಲಿಸಿ. ಲೀಟರಿಗೆ ನೈಟ್ರೇಟ್ ಸುಮಾರು 5 ಮಿಲಿಗ್ರಾಮ್, ಫಾಸ್ಫೇಟ್ 0.05ರಿಂದ 0.1 ಮಿಲಿಗ್ರಾಮ್ ಇರುವಂತೆ ನೋಡಿಕೊಳ್ಳಿ. 100 ಲೀಟರ್ ನೀರಿಗೆ 5 ಮಿಲಿಗ್ರಾಮ್ ಮಟ್ಟದ ನೈಟ್ರೇಟ್ ಸೇರಿಸಲು ಸುಮಾರು 0.8 ಗ್ರಾಮ್ ಶುದ್ಧ ಪೊಟ್ಯಾಸಿಯಮ್ ನೈಟ್ರೇಟ್ ಬೇಕು. ಫಾಸ್ಫೇಟಿನ ಪ್ರಮಾಣ ತೀರ ಅಲ್ಪವಾದ್ದರಿಂದ ದ್ರಾವಣ ಮಾಡಿಕೊಳ್ಳಿ. 1 ಗ್ರಾಮ್ ಪೊಟ್ಯಾಸಿಯಮ್ ಡೈಹೈಡ್ರೊಜನ್ ಫಾಸ್ಫೇಟನ್ನು 1 ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದರೆ ಅದರ 7 ಮಿಲಿಲೀಟರ್, 100 ಲೀಟರಿಗೆ ಸುಮಾರು 0.05 ಮಿಲಿಗ್ರಾಮ್ ಮಟ್ಟವನ್ನು ಕೊಡುತ್ತದೆ. ಈ ಸಂಖ್ಯೆಗಳನ್ನು ಅಣುತೂಕದಿಂದ ವಿದ್ಯಾರ್ಥಿಗಳೇ ಪಡೆಯಲಿ. ಎಲ್ಲವನ್ನೂ ಒಮ್ಮೆಲೇ ಸುರಿಯದೆ ಕೆಲವು ದಿನಗಳಲ್ಲಿ ಹಂಚಿ, ಪ್ರತಿ ಸಲವೂ ನೀರನ್ನು ಪರೀಕ್ಷಿಸಿ.

ಎರಡನೆಯ ಕ್ರಮ ಜೀವಿಯ ಸ್ವಭಾವವನ್ನು ಅವಲಂಬಿಸಿದೆ. ಆಸ್ಟ್ರಿಯಾಪ್ಸಿಸ್ ರಾತ್ರಿ ಕಲ್ಲುಬಿಟ್ಟು ನೀರಿನಲ್ಲಿ ತೇಲುತ್ತದೆ. ಆಗ ನೀರನ್ನು 254 ನ್ಯಾನೊಮೀಟರ್ ತರಂಗದೂರದ ಅತಿನೇರಳೆ ದೀಪವಿರುವ ಮುಚ್ಚಿದ ಕೊಳವೆಯ ಮೂಲಕ ಹರಿಸಿದರೆ ಕೋಶದ ಡಿಎನ್‌ಎ ಹಾನಿಗೊಂಡು ಅದು ಸಾಯುತ್ತದೆ. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಲೇಬಾರದು. ಮರಳಿನಲ್ಲೇ ಉಳಿಯುವ ಆಂಫಿಡಿನಿಯಮ್ ಕೊಳವೆಗೆ ಬರುವುದೇ ಇಲ್ಲ. ಅಲ್ಲಿ ಸೋಡಿಯಮ್ ಸಿಲಿಕೇಟನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿ, ಮರಳಿನ ಮೇಲೆ ಡಯಾಟಮ್ ಬೆಳೆಯುವಂತೆ ಮಾಡುವುದುಂಟು. ಮೂರು ದಿನ ತೊಟ್ಟಿಗೆ ಬಟ್ಟೆ ಹೊದಿಸಿ ಕತ್ತಲಾಗಿಸಿದರೆ ಲೋಳೆ ತಗ್ಗುತ್ತದೆ. ಪೋಷಕಾಂಶ ಸರಿಪಡಿಸದಿದ್ದರೆ ಅದು ಮರಳಿ ಬರುತ್ತದೆ.

ಎಚ್ಚರಿಕೆ

ಒಂದೇ ದಿನ ಎಲ್ಲವನ್ನೂ ಕೊಲ್ಲುವ ಔಷಧಿಗೆ ಆಸೆಪಡಬೇಡಿ. ಸತ್ತ ಕೋಶಗಳಿಂದ ವಿಷ ನೀರಿಗೆ ಸೇರುತ್ತದೆ, ಕೊಳೆಯುವಾಗ ಆಕ್ಸಿಜನ್ ಮುಗಿಯುತ್ತದೆ. ವಿಷವನ್ನು ಹೀರಲು ಸಕ್ರಿಯ ಇದ್ದಲು ಬಳಸಿ. ಲೋಳೆಯನ್ನು ಕೈಗವಸು ತೊಟ್ಟು ಮುಟ್ಟಿ. 2005ರಲ್ಲಿ ಇಟಲಿಯ ಜಿನೋವಾ ಕಡಲತೀರದಲ್ಲಿ ಆಸ್ಟ್ರಿಯಾಪ್ಸಿಸ್ ಹೆಚ್ಚಿದಾಗ ಅಲೆಗಳ ತುಂತುರನ್ನು ಉಸಿರಾಡಿದ ಸುಮಾರು 200 ಜನರಿಗೆ ಚಿಕಿತ್ಸೆ ಬೇಕಾಯಿತು. ಹವಳಕ್ಕಾಗಿ ನೇತ್ರಾಣಿಯತ್ತ ನೋಡಲೂಬೇಡಿ. ಕಲ್ಲುಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಅವನ್ನು ತೆಗೆಯುವುದು ಅಪರಾಧ.

ನಮ್ಮ ಕರಾವಳಿಗೂ ಈ ಜೀವಿಗಳ ವಿಷ ಹೊಸದಲ್ಲ. 1983ರ ಏಪ್ರಿಲ್‌ನಲ್ಲಿ ಇಂದಿನ ಕಾಸರಗೋಡು ಜಿಲ್ಲೆಯ ಕುಂಬಳೆಯ ಅಳಿವೆಯಲ್ಲಿ ಆರಿಸಿದ ಚಿಪ್ಪಿಕಲ್ಲು ತಿಂದವರು ಅಸ್ವಸ್ಥರಾದರು. ಒಬ್ಬ ಬಾಲಕ ಸತ್ತ. ಚಿಪ್ಪಿಕಲ್ಲು ಸೋಸಿ ಸಂಗ್ರಹಿಸಿದ್ದ ಡೈನೋಫ್ಲಾಜೆಲ್ಲೇಟ್‌ಗಳ ವಿಷವೇ ಕಾರಣವೆಂದು ಮಂಗಳೂರಿನ ವಿಜ್ಞಾನಿಗಳು 1984ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಈ ವಿಷ ಕುದಿಸಿದರೂ ಹೋಗುವುದಿಲ್ಲ. ಹೊಳೆಯ ಬಣ್ಣ ಬದಲಾದಾಗಲೆಲ್ಲ ವಿಷವಿದೆ ಎಂದಲ್ಲ. ಆದರೂ ನೀರು ಕೆಂಪಾಗಿ ಅಥವಾ ಕಂದಾಗಿ ತಿರುಗಿದಾಗ ಬಳಚು ಆರಿಸದೆ ಮೀನುಗಾರಿಕೆ ಇಲಾಖೆಗೆ ತಿಳಿಸುವುದು ಕ್ಷೇಮ. ಅಕ್ವೇರಿಯಮ್ಮಿನ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಲಿತ ವಿದ್ಯಾರ್ಥಿ ಊರಿನ ಹೊಳೆಯ ಒಂದು ಹನಿಯನ್ನೂ ಹಾಗೆಯೇ ನೋಡಬಲ್ಲ. ಅಧ್ಯಾಪಕರು ಆ ಅಭ್ಯಾಸವನ್ನು ಬೆಳೆಸಲಿ.